ಗಾಜಿನ ಪೆಟ್ಟಿಗೆಯೂ ಅಮೆಜಾನಿನ ಮೀನೂ

ಮನೆಯಲ್ಲಿ ಸಾಕಿದ ಮೀನಿನ ಹೆಸರನ್ನೂ ಸರಕಾರದ ದಫ್ತರದಲ್ಲಿ ಬರೆಯಿಸಬೇಕೆಂದರೆ ನಗುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಇದು ನಗೆಯ ಮಾತಲ್ಲ. 2022ರಲ್ಲಿ ತಿದ್ದುಪಡಿಗೊಂಡು 2023ರ ಎಪ್ರಿಲ್ 1ರಿಂದ ಜಾರಿಗೆ ಬಂದ ವನ್ಯಜೀವಿ ಸಂರಕ್ಷಣಾ ಶಾಸನವು ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಪರದೇಶದ ಜೀವಿಗಳನ್ನೂ ತನ್ನ ನಾಲ್ಕನೆಯ ಅನುಸೂಚಿಯಲ್ಲಿ ಸೇರಿಸಿಕೊಂಡಿದೆ. 2024ರ ಫೆಬ್ರವರಿ 28ರಂದು ಪ್ರಕಟವಾದ ನಿಯಮಗಳು, ಅಂಥ ಜೀವಿಗಳನ್ನು ಇಟ್ಟುಕೊಂಡವರು ಆರು ತಿಂಗಳೊಳಗಾಗಿ ಪರಿವೇಶ ಎಂಬ ಸರಕಾರಿ ಜಾಲತಾಣದಲ್ಲಿ ವರದಿ ಮಾಡತಕ್ಕದ್ದೆಂದು ವಿಧಿಸಿದವು. ಗಿಳಿ, ಆಮೆ, ಇಗ್ವಾನಗಳ ವಿಷಯವಾಗಿ ಪತ್ರಿಕೆಗಳಲ್ಲಿ ಒಂದಿಷ್ಟು ಚರ್ಚೆ ನಡೆಯಿತು. ಮೀನಿನ ಮಾತನ್ನು ಎತ್ತಿದವರು ಕಡಿಮೆ. ಆದರೆ ಅದೇ ಪಟ್ಟಿಯಲ್ಲಿ ಅಮೆಜಾನ್ ನದಿಯ ಮಹಾಮತ್ಸ್ಯವಾದ ಅರಪೈಮಾ ಇದೆ. ಆ ಖಂಡದ ನದಿಗಳ ಚುಕ್ಕೆಗಳ ತೊರಕೆ ಮೀನುಗಳೂ 2022ರ ನವೆಂಬರಿನಲ್ಲಿ ಪನಾಮಾದಲ್ಲಿ ಕೂಡಿದ ಸಮ್ಮೇಳನದ ನಿರ್ಣಯದ ಮೇಲೆ ಅದಕ್ಕೆ ಸೇರಿವೆ. ಇವೆರಡೂ ನಮ್ಮ ನಗರಗಳ ಅಲಂಕಾರ ಮೀನಿನ ಪೇಟೆಗೆ ಅಪರಿಚಿತವಲ್ಲ.

ಮುಂಬಯಿಯ ಕುರ್ಲಾ ಮತ್ತು ಕ್ರಾಫರ್ಡ್ ಮಾರ್ಕೆಟಿನಲ್ಲಿ, ಮದ್ರಾಸಿನ ಕೊಳತ್ತೂರಿನಲ್ಲಿ ಮೀನಿನ ಅಂಗಡಿಗಳ ಸಾಲನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಬೆರಳುದ್ದದ ಮರಿಗಳು ಪ್ಲಾಸ್ಟಿಕ್ ಚೀಲದ ನೀರಿನಲ್ಲಿ ತೂಗಾಡುತ್ತಿರುತ್ತವೆ. ಆಸ್ಕರ್, ಬೆಳ್ಳಿಯ ಅರೋವಾನಾ, ಕೆಂಪುಬಾಲದ ಕ್ಯಾಟ್‌ಫಿಶ್, ಪಾಕು, ಗಾಜಿಗೆ ಬಾಯಿ ಹಚ್ಚಿ ಕುಳಿತಿರುವ 'ಸಕ್ಕರ್' - ಇವೆಲ್ಲದರ ತಾಯ್ನೆಲ ದಕ್ಷಿಣ ಅಮೆರಿಕ. ಇವುಗಳಲ್ಲಿ ಅರೋವಾನಾ ನಮ್ಮ ಹೋಟೆಲು ವ್ಯವಸಾಯದವರಿಗೆ ಬಹು ಪ್ರಿಯವಾದುದು. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಅದನ್ನಿರಿಸಿದರೆ ಲಕ್ಷ್ಮಿ ನೆಲೆಸುವಳೆಂದು ಯಾರೋ ಹೇಳಿದ್ದಾರೆ. ಈ ನಂಬಿಕೆ ಹುಟ್ಟಿದ್ದು ಪೂರ್ವ ಏಷ್ಯದ ಚೀನೀಯರಲ್ಲಿ, ಅದೂ ಏಷ್ಯದ ಅರೋವಾನಾವನ್ನು ಕುರಿತು. ಅದು ದುಬಾರಿ, ನಿರ್ಬಂಧವೂ ಹೆಚ್ಚು. ಆದುದರಿಂದ ಅಮೆಜಾನಿನ ಅಗ್ಗದ ದಾಯಾದಿಯನ್ನು ತಂದು ಅದೇ ಪೀಠದಲ್ಲಿ ಕೂರಿಸಲಾಗಿದೆ. ಲಕ್ಷ್ಮಿಗೆ ಈ ವ್ಯತ್ಯಾಸ ತಿಳಿಯದೆಂದು ಭಾವಿಸಿದಂತಿದೆ.

ಇನ್ನೊಬ್ಬರನ್ನು ನಗುವ ಮುನ್ನ ನಮ್ಮ ಕಥೆಯನ್ನೂ ಹೇಳಬೇಕಾದುದು ನ್ಯಾಯ. ಲೇಖನಿ ಹಿಡಿಯುವುದಕ್ಕಿಂತ ಮುಂಚೆ ನಾವು ಹೋಟೆಲು ನಡೆಸುತ್ತಿದ್ದೆವು. ಸುಮಾರು ಹದಿನೈದು ವರ್ಷಗಳ ಹಿಂದೆ ಬಾಗಿಲ ಬಳಿ ನಾಲ್ಕು ಅಡಿ ಉದ್ದದ ಗಾಜಿನ ಪೆಟ್ಟಿಗೆಯನ್ನು ಇಡಿಸಿದೆವು. ತಂದೆತಾಯಿಗಳು ದೋಸೆಗಾಗಿ ಕಾಯುವ ಹೊತ್ತಿಗೆ ಮಕ್ಕಳಿಗೊಂದು ಕಾಲಕ್ಷೇಪವಾಗಲಿ ಎಂಬುದು ಉದ್ದೇಶ. ಅಂಗಡಿಯವರು ಮೂರು ಅಂಗುಲದ ಒಂದು ಮರಿಯನ್ನು ತೋರಿಸಿದರು. ಕಪ್ಪು ಬೆನ್ನು, ಬಿಳಿಯ ಪಟ್ಟೆ, ಕುಂಕುಮದಂಥ ಬಾಲ, ಉದ್ದ ಮೀಸೆ. "ಪೆಟ್ಟಿಗೆ ಎಷ್ಟು ದೊಡ್ಡದೋ ಮೀನೂ ಅಷ್ಟೇ ಬೆಳೆಯುತ್ತದೆ, ಶೇಟ್," ಎಂದರು. ಗಾಜು ತೊಳೆಯುವ ಕೆಲಸಕ್ಕೆಂದು ಎರಡು ಸಕ್ಕರ್ ಮೀನುಗಳನ್ನೂ ಜತೆಗೆ ಕಟ್ಟಿಕೊಟ್ಟರು. ಆರು ತಿಂಗಳಲ್ಲಿ ಕೆಂಪುಬಾಲದವನು ಗೋಲ್ಡ್‌ಫಿಶ್‌ಗಳನ್ನೆಲ್ಲ ಮುಗಿಸಿದನು. ವರ್ಷ ತುಂಬುವಷ್ಟರಲ್ಲಿ ಒಂದೂವರೆ ಅಡಿಯನ್ನು ಮೀರಿ, ಒಂದೂವರೆ ಅಡಿ ಅಗಲದ ಪೆಟ್ಟಿಗೆಯಲ್ಲಿ ತಿರುಗಲು ಮೈಯನ್ನು ಬಿಲ್ಲಿನಂತೆ ಬಾಗಿಸತೊಡಗಿದನು. ಮೂತಿ ಗಾಜಿಗೆ ಉಜ್ಜಿ ಉಜ್ಜಿ ಗಾಯವಾಗಿತ್ತು. ಗಿರಾಕಿಗಳ ಮಕ್ಕಳು ನೋಡಿ ಸಂತೋಷಪಡುವುದಕ್ಕೆ ಬದಲು, "ಅಂಕಲ್, ಅದಕ್ಕೆ ನೋವಾಗುವುದಿಲ್ಲವೇ?" ಎಂದು ಕೇಳಲಾರಂಭಿಸಿದರು. ಮಾರಿದ ಅಂಗಡಿಯವರು ಹಿಂದಕ್ಕೆ ಕೊಳ್ಳಲು ಒಪ್ಪಲಿಲ್ಲ.

ಕೊನೆಗೊಂದು ಬೆಳಗಿನ ಜಾವ ನಮ್ಮ ಇಬ್ಬರು ಹುಡುಗರು ನೀರಿನ ಡ್ರಮ್ಮಿನಲ್ಲಿ ಅದನ್ನು ಹಾಕಿ, ತರಕಾರಿಯ ಟೆಂಪೋದಲ್ಲಿ ಉಪನಗರದ ಒಂದು ಕೆರೆಗೆ ಒಯ್ದು ಬಿಟ್ಟು ಬಂದರು. ಎರಡು ಸಕ್ಕರ್‌ಗಳೂ ಜತೆಗೆ ಹೋದವು. ಬಿಡಿರೆಂದು ಹೇಳಿದವರು ನಾವೇ. ಸೆರೆಯಲ್ಲಿದ್ದ ಜೀವವನ್ನು ಬಿಡಿಸಿದ ಪುಣ್ಯ ಬಂತೆಂದು ಆ ದಿನ ಮನಸ್ಸು ಹಗುರವಾಗಿತ್ತೆಂಬುದನ್ನೂ ಮರೆಮಾಚುವುದಿಲ್ಲ.

ಆ ಮೀನು ತನ್ನ ನಾಡಿನಲ್ಲಿ ಎಂಥದೆಂಬುದನ್ನು ನಾವು ಓದಿ ತಿಳಿದುದು ಆಮೇಲೆ. ಕೆಂಪುಬಾಲದ ಕ್ಯಾಟ್‌ಫಿಶ್ ನಮ್ಮ ಕರಾವಳಿಯವರು ಬಲ್ಲ ಮುಗುಡಿನಂತೆ ಮೀಸೆಯ ಮೀನು. ಆದರೆ ಅದು ಒಂದು ಮೀಟರನ್ನು ದಾಟಿ, ನಲವತ್ತು ಕಿಲೋಗಿಂತಲೂ ಹೆಚ್ಚು ತೂಗುವಷ್ಟು ಬೆಳೆಯತಕ್ಕದ್ದು. ಬೆಳ್ಳಿಯ ಅರೋವಾನಾ ಮೂರು ಅಡಿಯವರೆಗೆ ಬೆಳೆಯುತ್ತದೆ. ಎಲ್ಲಕ್ಕಿಂತ ಚಿಕ್ಕದೆನ್ನಬಹುದಾದ ಆಸ್ಕರ್ ಕೂಡ ಒಂದಡಿಗೆ ಕಡಿಮೆಯಿಲ್ಲ. ಅರಪೈಮಾದ ಮಾತಂತೂ ಬೇರೆಯೇ. ಎರಡು ಮೀಟರು ಅದಕ್ಕೆ ಸಾಮಾನ್ಯ. ಸಾಕಣೆಯ ಕೊಳಗಳಲ್ಲಿ ಅದು ಒಂದೇ ವರ್ಷದಲ್ಲಿ ಹತ್ತು ಕಿಲೋ ತೂಕಕ್ಕೆ ಏರುತ್ತದೆ.

ಇಷ್ಟು ದೊಡ್ಡ ಮೀನುಗಳು ಅಲ್ಲಿಯೇ ಏಕೆ ಬೆಳೆದವು ಎಂಬುದು ಆ ನದಿಯನ್ನು ತಿಳಿದರೆ ಅರ್ಥವಾಗುತ್ತದೆ. ನಮ್ಮ ನದಿಗಳು ಮಳೆಗಾಲದಲ್ಲಿ ದಡ ಮೀರಿ ಕೆಲವು ದಿನಗಳಲ್ಲಿ ಇಳಿದುಹೋಗುತ್ತವೆ. ಅಮೆಜಾನಿನ ತಗ್ಗುಪ್ರದೇಶಗಳಲ್ಲಿ ನೀರು ಹತ್ತು ಮೀಟರಿನಷ್ಟು ಏರಿ, ತಿಂಗಳುಗಟ್ಟಲೆ ಕಾಡಿನೊಳಗೇ ನಿಲ್ಲುತ್ತದೆ. ಆಗ ಮೀನುಗಳು ಮರಗಳ ನಡುವೆ ಈಜುತ್ತವೆ. ಪಾಕುವಿನ ಬಳಗದ ಮೀನುಗಳಿಗೆ ಮನುಷ್ಯರ ದವಡೆಯನ್ನು ಹೋಲುವ ಹಲ್ಲುಗಳಿವೆ. ನೀರಿಗೆ ಬಿದ್ದ ಕಾಯಿ ಬೀಜಗಳನ್ನು ಅವು ಒಡೆದು ತಿನ್ನುತ್ತವೆ, ಒಡೆಯದೆ ಉಳಿದ ಬೀಜಗಳನ್ನು ದೂರ ಒಯ್ದು ಹಾಕಿ ಕಾಡನ್ನೂ ಬೆಳೆಸುತ್ತವೆ. ಅರೋವಾನಾ ನೀರಿನಿಂದ ಮೇಲಕ್ಕೆ ನೆಗೆದು ಕೊಂಬೆಯ ಮೇಲಿನ ಹುಳುವನ್ನು ಹಿಡಿಯುತ್ತದೆ. ಅದರ ಗಂಡು, ಮೊಟ್ಟೆಗಳನ್ನೂ ಮರಿಗಳನ್ನೂ ತನ್ನ ಬಾಯಿಯಲ್ಲಿಟ್ಟುಕೊಂಡು ಕಾಯುತ್ತದೆ. ಹೋಟೆಲಿನ ಪೆಟ್ಟಿಗೆಯ ಮುಚ್ಚಳ ಸರಿದ ರಾತ್ರಿ ನೆಲದ ಮೇಲೆ ಬಿದ್ದು ಸತ್ತ ಅರೋವಾನಾಗಳ ಕಥೆ ನಮ್ಮ ವ್ಯವಸಾಯದಲ್ಲಿ ಎಷ್ಟೋ ಕೇಳಿದ್ದೇವೆ. ಮಾಲೀಕರು ಅದನ್ನು ಅಪಶಕುನವೆಂದರು. ಮೀನು ತನ್ನ ಕುಲದ ಕಸುಬನ್ನು ಮಾಡಿತ್ತು, ಅಷ್ಟೇ.

ಅರಪೈಮಾ ಗಾಳಿಯನ್ನು ಉಸಿರಾಡುವ ಮೀನು. ಹತ್ತು-ಹದಿನೈದು ನಿಮಿಷಕ್ಕೊಮ್ಮೆ ಅದು ಮೇಲಕ್ಕೆ ಬಂದು ಗಾಳಿ ನುಂಗಲೇಬೇಕು. ಇದೇ ಅದಕ್ಕೆ ಮೃತ್ಯುವಾಗಿತ್ತು, ಏಕೆಂದರೆ ಬೆಸ್ತನ ಭರ್ಜಿಗೆ ಅದಕ್ಕಿಂತ ಸುಲಭದ ಗುರಿಯಿಲ್ಲ. ಇದೇ ಈಗ ಅದಕ್ಕೆ ರಕ್ಷೆಯೂ ಆಗಿದೆ. ಬ್ರೆಜಿಲ್ ದೇಶದ ಮಮಿರಾವಾ ಎಂಬ ರಕ್ಷಿತ ಪ್ರದೇಶದಲ್ಲಿ ಬೆಸ್ತರು ಕೆರೆಯ ದಂಡೆಯಲ್ಲಿ ಕುಳಿತು, ಉಸಿರಿಗಾಗಿ ಮೇಲೇಳುವ ಮೀನುಗಳನ್ನು ಎಣಿಸುತ್ತಾರೆ. ಎಣಿಕೆಗೆ ಸಿಕ್ಕ ದೊಡ್ಡ ಮೀನುಗಳಲ್ಲಿ ನೂರಕ್ಕೆ ಮೂವತ್ತನ್ನು ಮೀರದಂತೆ ಹಿಡಿಯುವ ಕ್ರಮ ಅಲ್ಲಿ 1999ರಿಂದ ನಡೆದುಬಂದಿದೆ. ಮೀನಿನ ಸಂಖ್ಯೆಯೂ ಬೆಸ್ತರ ಆದಾಯವೂ ಜತೆಜತೆಗೆ ಏರಿದವು. ಓದುಬರಹ ಹೆಚ್ಚಿಲ್ಲದ ಆ ಜನರ ಎಣಿಕೆಯನ್ನು ವಿಜ್ಞಾನಿಗಳು ಬೇರೆ ವಿಧಾನದಿಂದ ಪರೀಕ್ಷಿಸಿ ನೋಡಿದಾಗ ಅದು ಬಹುಮಟ್ಟಿಗೆ ಸರಿಯಾಗಿತ್ತು. ಎಸ್.ಎಸ್.ಎಲ್.ಸಿ.ಗೆ ಓದು ನಿಲ್ಲಿಸಿದ ನಮ್ಮಂಥವರಿಗೆ ಈ ವಾರ್ತೆ ವಿಶೇಷ ಸಂತೋಷವನ್ನು ತಂದಿತೆಂದರೆ ವಾಚಕರು ಕ್ಷಮಿಸಬೇಕು.

ಇನ್ನು ನಮ್ಮ ಮನೆಗಳ ಲೆಕ್ಕಕ್ಕೆ ಬರೋಣ. ಲೆಕ್ಕವೆಂದರೆ ಹೋಟೆಲಿನವರಿಗೆ ಹೆದರಿಕೆಯಿಲ್ಲ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಪೆಟ್ಟಿಗೆಯಲ್ಲಿ ಹಿಡಿಯುವುದು ಸುಮಾರು 255 ಲೀಟರು ನೀರು. ಆರು ಅಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರವಾದರೆ 680 ಲೀಟರು. ಗಾಜು, ಕಲ್ಲು, ಕಬ್ಬಿಣದ ಸ್ಟ್ಯಾಂಡು ಬಿಟ್ಟು ನೀರೊಂದೇ ಏಳು ಕ್ವಿಂಟಲಿಗೆ ಹತ್ತಿರ ತೂಗುತ್ತದೆ. ವಾಸದ ಮನೆಯ ನೆಲವನ್ನು ಚದರ ಮೀಟರಿಗೆ ಸುಮಾರು 200 ಕಿಲೋ ಭಾರಕ್ಕೆಂದು ಲೆಕ್ಕ ಹಿಡಿದು ಕಟ್ಟುವುದು ನಮ್ಮ ದೇಶದ ಪ್ರಮಾಣ. ಈ ಪೆಟ್ಟಿಗೆಯಾದರೋ ತಾನು ನಿಂತ ಜಾಗದಲ್ಲಿ ಚದರ ಮೀಟರಿಗೆ 600 ಕಿಲೋ ಮೀರಿ ಒತ್ತುತ್ತದೆ. ಗೋಡೆಯ ಬದಿಗೆ, ತೊಲೆಯ ಮೇಲೆ ಇಟ್ಟರೆ ತಡೆದೀತು. ಗಿರಗಾಂವಿನ ಹಳೆಯ ಚಾಳಿನ ಮರದ ಮಾಳಿಗೆಯ ಮೇಲೆ ಇಟ್ಟವರನ್ನು ಕೆಳಮನೆಯವರು ಕ್ಷಮಿಸಲಾರರು. ಇಷ್ಟೆಲ್ಲ ಮಾಡಿಯೂ ಎರಡಡಿ ಅಗಲದ ಆ ಪೆಟ್ಟಿಗೆ ಮೂರಡಿಯ ಮೀನಿಗೆ ಮೈ ತಿರುಗಿಸಲು ಸಾಲದು. ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲ, ಮೂರು ಅಡಿ ಆಳವೆಂದರೆ ನೀರು 3,400 ಲೀಟರು. ಅದು ಪೆಟ್ಟಿಗೆಯಲ್ಲ, ನಮ್ಮ ಅನೇಕ ವಾಚಕರ ಅಡಿಗೆಮನೆಯಷ್ಟು ಜಾಗ.

ನೀರಿನ ಲೆಕ್ಕ ಇನ್ನೂ ಕಟುವಾದುದು. ಮಾಂಸ ತಿನ್ನುವ ದೊಡ್ಡ ಮೀನು ಹೊರಹಾಕುವ ಅಮೋನಿಯಾ ವಿಷ. ಫಿಲ್ಟರಿನಲ್ಲಿ ನೆಲೆಸುವ ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟಾಗಿಯೂ, ಬಳಿಕ ಅಷ್ಟೇನೂ ಅಪಾಯವಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಆದರೆ ನೈಟ್ರೇಟನ್ನು ಹೊರಗೆ ಕಳಿಸಲು ನೀರನ್ನು ಬದಲಿಸುವುದೇ ಉಪಾಯ. ಅರ್ಧ ನೀರನ್ನು ಬದಲಿಸಿದಾಗಲೆಲ್ಲ ಆ 680 ಲೀಟರಿನ ಪೆಟ್ಟಿಗೆಗೆ ಬೇಕಾಗುವುದು 340 ಲೀಟರು. ನಗರವಾಸಿಗೆ ದಿನಕ್ಕೆ ತಲೆಗೆ 135 ಲೀಟರು ಎಂಬುದು ಸರಕಾರಿ ಪ್ರಮಾಣ. ಅಂದರೆ ಎರಡೂವರೆ ಮನುಷ್ಯರ ಒಂದು ದಿನದ ನೀರನ್ನು ಮೀನು ವಾರಕ್ಕೊಮ್ಮೆ ಕೇಳುತ್ತದೆ. ಅದೂ ಕ್ಲೋರಿನ್ ಕಳೆದ ನೀರನ್ನು. ಟ್ಯಾಂಕರಿನ ಹಿಂದೆ ಓಡುವ ಬೇಸಗೆಯಲ್ಲಿ ಈ ಲೆಕ್ಕವನ್ನು ಗೃಹಿಣಿಯರ ಮುಂದೆ ಹೇಳುವ ಧೈರ್ಯ ನಮಗಿಲ್ಲ.

"ಪೆಟ್ಟಿಗೆಯಷ್ಟೇ ಬೆಳೆಯುತ್ತದೆ" ಎಂಬ ಅಂಗಡಿಯ ವೇದವಾಕ್ಯವನ್ನು ಇಲ್ಲಿಯೇ ಪರೀಕ್ಷಿಸಬಹುದು. ಇಕ್ಕಟ್ಟಾದ ಪೆಟ್ಟಿಗೆಯಲ್ಲಿ ಮೀನಿನ ಬೆಳವಣಿಗೆ ಕುಂಠಿತವಾಗುವುದುಂಟು. ಅದು ಮೀನು ಪೆಟ್ಟಿಗೆಗೆ ಹೊಂದಿಕೊಂಡ ಲಕ್ಷಣವಲ್ಲ, ಕೆಟ್ಟ ನೀರಿನಲ್ಲಿ ರೋಗಿಯಾದ ಲಕ್ಷಣ. ಅನ್ನ ಕಡಿಮೆಯಾಗಿ ಕುಳ್ಳಗಾದ ಮಗುವನ್ನು ಕಂಡು, ಮನೆಯ ಬಾಗಿಲು ಗಿಡ್ಡವಿದ್ದುದರಿಂದ ಹೀಗಾಯಿತೆಂದು ಯಾರೂ ಹೇಳಲಾರರು.

ಹಾಗಾದರೆ ಬೆಳೆದ ಮೀನು ಎಲ್ಲಿಗೆ ಹೋಗುತ್ತದೆ? 2018ರ ಅಗಸ್ಟಿನಲ್ಲಿ ಕೇರಳವನ್ನು ಮುಳುಗಿಸಿದ ಮಹಾಪ್ರವಾಹ ಇಳಿದ ಬಳಿಕ ಚಾಲಕುಡಿ ನದಿಯ ಬೆಸ್ತರ ಬಲೆಗೆ ಅರಪೈಮಾ ಬಿತ್ತು. ಉತ್ತರ ಅಮೆರಿಕದ ಮೊಸಳೆಮೂತಿಯ ಗಾರ್ ಮೀನೂ ಬಿತ್ತು. ಅಲ್ಲಿಯ ಮೀನುಗಾರಿಕಾ ವಿಶ್ವವಿದ್ಯಾನಿಲಯದ ವಿದ್ವಾಂಸರು ಇದನ್ನು ದಾಖಲಿಸಿದ್ದಾರೆ. ನೆರೆಯ ನೀರು ಸಾಕಣೆಯ ಕೊಳಗಳನ್ನು ಒಡೆದು ಅವನ್ನು ನದಿಗೆ ಕೂಡಿಸಿತ್ತು. ಚಾಲಕುಡಿಯ ಹೆಸರನ್ನೇ ಹೊತ್ತ, ಕೆಂಪು ಗೆರೆಯ ಬೆರಳುದ್ದದ ಮೀನೊಂದು ಆ ಕಡೆಯ ನದಿಗಳಲ್ಲಿ ಮಾತ್ರವಿದೆ. ಅದರ ಸೋದರಜಾತಿ 'ಮಿಸ್ ಕೇರಳ'ವೆಂಬ ಹೆಸರಿನಲ್ಲಿ ಪರದೇಶದ ಅಕ್ವೇರಿಯಮ್ಮುಗಳಿಗೆ ಹೋಗುತ್ತದೆ. ನಮ್ಮ ಸಹ್ಯಾದ್ರಿಯ ಕೂಸುಗಳನ್ನು ಹೊರಗೆ ಮಾರುವುದು, ಹೊರಗಿನ ದೈತ್ಯರನ್ನು ತಂದು ಅದೇ ಹೊಳೆಗೆ ಬಿಡುವುದು - ಇಂಥ ವ್ಯಾಪಾರದಲ್ಲಿ ಲಾಭವೆಲ್ಲಿಯದು?

ಹೊಸ ನೀರಿನಲ್ಲಿ ದೊಡ್ಡ ಮೀನೊಂದು ನೆಲೆಯೂರಿದರೆ ಏನಾಗಬಹುದೆಂಬುದಕ್ಕೆ ಪನಾಮಾ ಕಾಲುವೆಯ ಗಾತುನ್ ಸರೋವರ ಸಾಕ್ಷಿ. ದಕ್ಷಿಣ ಅಮೆರಿಕದ ಪೀಕಾಕ್ ಬಾಸ್ ಎಂಬ ನವಿಲುಕಣ್ಣಿನ ಮೀನು 1967ರ ಸುಮಾರಿಗೆ ಖಾಸಗಿ ಕೊಳದಿಂದ ತಪ್ಪಿಸಿಕೊಂಡು ಅಲ್ಲಿಗೆ ಸೇರಿತು. ಕೆಲವೇ ವರ್ಷಗಳಲ್ಲಿ ಅಲ್ಲಿಯ ನಾಡಮೀನುಗಳಲ್ಲಿ ಹೆಚ್ಚಿನವು ಕಾಣದಂತಾದವು, ಅವನ್ನು ನಂಬಿದ್ದ ನೀರುಹಕ್ಕಿಗಳೂ ವಿರಳವಾದವು. 1973ರಲ್ಲಿ ಇಬ್ಬರು ವಿಜ್ಞಾನಿಗಳು ಪ್ರಕಟಿಸಿದ ಈ ವರದಿಯನ್ನು ಇಂದಿಗೂ ವಿದ್ಯಾರ್ಥಿಗಳು ಓದುತ್ತಾರೆ. ಅಮೆರಿಕದ ಫ್ಲೋರಿಡಾ ಪ್ರಾಂತ್ಯದ ಜೌಗುನೀರುಗಳಲ್ಲಿ ಆಸ್ಕರ್ ದಶಕಗಳಿಂದ ಸಂಸಾರ ಹೂಡಿದೆ.

ಆದರೂ ನಮ್ಮ ನಿದ್ದೆಗೆಡಿಸಿದ್ದು ದೈತ್ಯ ಮೀನಲ್ಲ. ಕೆಂಪುಬಾಲದವನು ಒಂಟಿ, ಸಂತಾನವಿಲ್ಲದೆ ಸಾಯತಕ್ಕವನು. ಅವನ ಜತೆ ಡ್ರಮ್ಮಿನಲ್ಲಿ ಹೋದ ಸಕ್ಕರ್‌ಗಳು ಹಾಗಲ್ಲ. ಕವಚದಂಥ ಚರ್ಮವುಳ್ಳ ಈ ಮೀನು ಒಂದೂವರೆ ಅಡಿಯವರೆಗೆ ಬೆಳೆದು, ದಂಡೆಯ ಮಣ್ಣಿನಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತದೆ. ಕೊಳಚೆ ನೀರಿಗೆ ಹೆದರುವುದಿಲ್ಲ. ಬಲೆಗೆ ಬಿದ್ದರೆ ಮುಳ್ಳುಗಳಿಂದ ನೂಲನ್ನು ಹರಿಯುತ್ತದೆ. ಪೇಟೆಯಲ್ಲಿ ಅದಕ್ಕೆ ಕವಡೆಯ ಬೆಲೆಯಿಲ್ಲ. ತೆಲುಗು ಬೆಸ್ತರು ಇದನ್ನು ದೆವ್ವದ ಮೀನೆಂದು ಕರೆಯುತ್ತಾರೆ. 2020ರಲ್ಲಿ ಇದು ಕಾಶಿಯ ಗಂಗೆಯಲ್ಲಿ ಸಿಕ್ಕಿತು. 2025ರಲ್ಲಿ ಹೈದರಾಬಾದಿನ ಸಿ.ಸಿ.ಎಂ.ಬಿ. ವಿಜ್ಞಾನಿಗಳು ಕೆರೆಕುಂಟೆಗಳ ನೀರಿನ ಮಾದರಿಯಲ್ಲಿ ಈ ಮೀನಿನ ಡಿ.ಎನ್.ಎ. ಕುರುಹನ್ನು ಹುಡುಕಿ, ಪೂರ್ವಘಟ್ಟಗಳಲ್ಲಿ ತಾವು ಪರೀಕ್ಷಿಸಿದ ಜಲಾಶಯಗಳ ಪೈಕಿ ನೂರಕ್ಕೆ ಅರವತ್ತರಷ್ಟರಲ್ಲಿ ಅದು ಹರಡಿದೆಯೆಂದು ತಿಳಿಸಿದರು. ಆ ವಾರ್ತೆ ನಮ್ಮ ಮೇಜಿಗೆ ಬಂದ ದಿನ, ಸಹಸಂಪಾದಕರು ಅದಕ್ಕೆ ಯಾವ ತಲೆಬರಹ ಕೊಡೋಣವೆಂದು ಕೇಳಿದರೆ ನಮಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅಂಥ ಹರಡುವಿಕೆ ನಮ್ಮ ಡ್ರಮ್ಮಿನಂಥ ಎಷ್ಟು ಡ್ರಮ್ಮುಗಳಿಂದ ಆರಂಭವಾಗಿರಬೇಕು!

ಇಲ್ಲಿಯೇ ಶಾಸನದ ವಿಚಾರ ಮತ್ತೆ ಬರುತ್ತದೆ. 2024ರಲ್ಲಿ ಸರಕಾರವು ನೋಂದಣಿ ಕೇಳಿದಾಗ ಅರಪೈಮಾ ಪಟ್ಟಿಯಲ್ಲಿತ್ತು. ಸಕ್ಕರ್, ಕೆಂಪುಬಾಲದ ಕ್ಯಾಟ್‌ಫಿಶ್, ಪಾಕು, ಆಸ್ಕರ್, ಬೆಳ್ಳಿಯ ಅರೋವಾನಾ ಯಾವುವೂ ಇರಲಿಲ್ಲ. ಕಾರಣ ಸರಳವಾದುದು. ಅಂತರರಾಷ್ಟ್ರೀಯ ಪಟ್ಟಿ ನೋಡುವುದು ಆ ಜೀವಿ ತನ್ನ ನಾಡಿನಲ್ಲಿ ವ್ಯಾಪಾರದಿಂದ ಅಳಿಯುತ್ತಿದೆಯೇ ಎಂಬುದನ್ನು. ಅದು ನಮ್ಮ ನಾಡಿಗೆ ಬಂದು ಏನು ಮಾಡೀತೆಂಬುದು ಆ ಪಟ್ಟಿಯ ಪ್ರಶ್ನೆಯೇ ಅಲ್ಲ. ಹೀಗಾಗಿ ಅಲ್ಲಿ ವಿರಳವಾದುದಕ್ಕೆ ಇಲ್ಲಿ ಕಾಗದಪತ್ರ, ಇಲ್ಲಿ ಅಪಾಯಕರವಾದುದಕ್ಕೆ ರಹದಾರಿಯೇ ಬೇಡ! ಅದೇ ತಿದ್ದುಪಡಿಯು 62-ಎ ಎಂಬ ವಿಧಿಯಲ್ಲಿ, ಆಕ್ರಮಣಶೀಲ ಪರಕೀಯ ಜೀವಿಗಳ ಆಮದು, ವ್ಯಾಪಾರ, ಸ್ವಾಧೀನ, ಪ್ರಸಾರಗಳನ್ನು ನಿಯಂತ್ರಿಸುವ ಅಥವಾ ನಿಷೇಧಿಸುವ ಅಧಿಕಾರವನ್ನು ಕೇಂದ್ರ ಸರಕಾರಕ್ಕೆ ಕೊಟ್ಟಿರುವುದು ಸರಿಯೇ. ಕತ್ತಿ ಒರೆಯಲ್ಲಿದೆ. ಅಧಿಕಾರ ಶಾಸನದಲ್ಲಿರುವುದು ಬೇರೆ, ಅದು ಕುರ್ಲಾದ ಅಂಗಡಿಯ ಬಾಗಿಲನ್ನು ಮುಟ್ಟುವುದು ಬೇರೆ.

ಎಲ್ಲವನ್ನೂ ನಿಷೇಧಿಸಿರೆಂದು ನಾವು ಕೂಗುವವರಲ್ಲ. ಕೊಳತ್ತೂರಿನಲ್ಲಿ ಮನೆಮನೆಯ ಹಿತ್ತಿಲ ತೊಟ್ಟಿಗಳಲ್ಲಿ ಮೀನು ಬೆಳೆಸಿ ಹೊಟ್ಟೆ ಹೊರೆಯುವ ಕುಟುಂಬಗಳಿವೆ. ಬ್ರೆಜಿಲಿನ ರಿಯೊ ನೀಗ್ರೊ ತೀರದ ಬಾರ್ಸೆಲೊಸ್ ಪಟ್ಟಣದ ಸುತ್ತಲಿನ ಬೆಸ್ತರು ಎರಡಂಗುಲವೂ ಇಲ್ಲದ ಕಾರ್ಡಿನಲ್ ಟೆಟ್ರಾ ಮೀನನ್ನು ಹಿಡಿದು ಪರದೇಶಕ್ಕೆ ಕಳಿಸುತ್ತ ಬದುಕುತ್ತಾರೆ. ಕಾಡು ಉಳಿದರೆ ಮಾತ್ರ ಮೀನು ಉಳಿಯುವುದೆಂದು ಅವರಿಗೆ ಗೊತ್ತಿರುವುದರಿಂದ ಕಾಡಿಗೂ ಅದರಿಂದ ಉಪಕಾರವೇ ಆಗಿದೆ. ಅಂಥ ಪುಟ್ಟ ಮೀನುಗಳನ್ನು ಸಾಧಾರಣ ಪೆಟ್ಟಿಗೆಯಲ್ಲಿ ಸುಖವಾಗಿ ಸಾಕಬಹುದು. ಮೀನಿನ ಪೆಟ್ಟಿಗೆಯ ಮುಂದೆ ಕುಳಿತ ಮಗು ಕಲಿಯುವುದನ್ನು ನಾವು ಕಡೆಗಣಿಸುವುದಿಲ್ಲ. 1951ರಲ್ಲಿ ಮರೀನ್ ಡ್ರೈವಿನಲ್ಲಿ ತೆರೆದ ತಾರಾಪೋರವಾಲಾ ಮತ್ಸ್ಯಾಲಯವನ್ನು ನೋಡಿ ಬೆರಗಾದ ಮುಂಬಯಿ ಕನ್ನಡಿಗರ ಮಕ್ಕಳು ಎಷ್ಟು ಮಂದಿಯಿಲ್ಲ!

ದೊಡ್ಡ ಮೀನನ್ನು ಕಾಣುವ ಆಸೆಗೂ ಊರಿನಲ್ಲಿ ದಾರಿಯಿದೆ. ಶೃಂಗೇರಿಯ ತುಂಗೆಯ ಸೋಪಾನದಲ್ಲಿ ನಿಂತು ಮಂಡಕ್ಕಿ ಎಸೆದವರು ಬಲ್ಲರು. ತೋಳುದ್ದದ ಮೀನುಗಳು ಒಂದರ ಮೇಲೊಂದು ಬಿದ್ದು ಬರುತ್ತವೆ, ಅವಕ್ಕೆ ಒಡೆಯರಿಲ್ಲ, ಗಾಜಿಲ್ಲ. ಆದರೆ ಕಾವೇರಿಯ ಗೂನುಬೆನ್ನಿನ ಮಹಶೀರ್, ನಮ್ಮದೇ ನದಿಯ ದೈತ್ಯ ಮೀನು, 2018ರಲ್ಲಿ ಅಳಿವಿನ ಅಂಚಿನ ಪಟ್ಟಿಗೆ ಸೇರಿತು. ಬೇರೆ ನದಿಯ ಮಹಶೀರನ್ನು ಒಳ್ಳೆಯ ಉದ್ದೇಶದಿಂದಲೇ ತಂದು ಕಾವೇರಿಗೆ ಬಿಟ್ಟದ್ದು ಅದರ ಅವನತಿಯ ಕಾರಣಗಳಲ್ಲಿ ಒಂದು. ನೆರೆಹೊರೆಯ ನದಿಯ ಮೀನೇ ಹೀಗೆ ಮಾಡಬಲ್ಲುದಾದರೆ ಖಂಡಾಂತರದ ಮೀನಿನ ಮಾತೇನು?

ನಾವು ಕೇಳುವುದು ದೊಡ್ಡದೇನಲ್ಲ. ಔಷಧದ ಶೀಸೆಯ ಮೇಲೆ ವಿವರವಿರುವಂತೆ, ಪ್ರತಿಯೊಂದು ಮೀನಿನ ತೊಟ್ಟಿಯ ಮೇಲೂ ಅದು ಪೂರ್ಣ ಬೆಳೆದಾಗ ಎಷ್ಟು ಉದ್ದವಾಗುವುದೆಂಬುದನ್ನು ದೊಡ್ಡ ಅಕ್ಷರದಲ್ಲಿ ಬರೆಯುವ ನಿಯಮವಾಗಲಿ. ಮೂರು ಅಂಗುಲದ ಮರಿಯ ಪಕ್ಕದಲ್ಲಿ 'ನಾಲ್ಕು ಅಡಿ' ಎಂದು ಬರೆದಿದ್ದರೆ ನಾವು ಅಂದು ಬರಿಗೈಯಲ್ಲಿ ಹಿಂದಿರುಗುತ್ತಿದ್ದೆವು. ಎರಡನೆಯದಾಗಿ, ಮಾರಿದವರೇ ಬೆಳೆದ ಮೀನನ್ನು ಹಿಂದಕ್ಕೆ ಪಡೆಯುವ ಬಾಧ್ಯತೆಯೂ, ಅವರು ಒಲ್ಲದಿದ್ದಲ್ಲಿ ಪ್ರತಿ ಮಹಾನಗರದಲ್ಲಿ ಮೀನುಗಾರಿಕಾ ಇಲಾಖೆಯದೊಂದು ಕೊಳವೂ ಇರಲಿ. ಬಿಡಬೇಡಿರೆಂದು ಹೇಳುವ ಸರಕಾರವು ಎಲ್ಲಿ ಕೊಡಬೇಕೆಂಬುದನ್ನೂ ಹೇಳಬೇಕಾಗುತ್ತದೆ.

ಅದುವರೆಗೆ, ಇಂಥ ಮೀನನ್ನು ಇಟ್ಟುಕೊಂಡಿರುವ ವಾಚಕರಲ್ಲಿ ನಮ್ಮ ವಿನಂತಿ ಇಷ್ಟೆ. ಪಟ್ಟಿಯಲ್ಲಿರುವ ಮೀನಾದರೆ ವರದಿ ಸಲ್ಲಿಸಿರಿ. ಹೊಸದಾಗಿ ಪಡೆದವರಿಗೆ ಮೂವತ್ತು ದಿನಗಳ ಅವಧಿಯಿದೆ. ಸಾಕಲಾಗದಿದ್ದರೆ ದೊಡ್ಡ ಕೊಳವುಳ್ಳ ಇನ್ನೊಬ್ಬ ಹವ್ಯಾಸಿಗೆ ಕೊಡಿರಿ, ರೋಗಿಯಾದರೆ ಪಶುವೈದ್ಯರ ಸಲಹೆ ಕೇಳಿರಿ. ಕೆರೆಗೆ, ಹೊಳೆಗೆ, ಬಾವಿಗೆ, ದೇವಸ್ಥಾನದ ಕಲ್ಯಾಣಿಗೆ ಮಾತ್ರ ಬಿಡಬೇಡಿರಿ. ನಮ್ಮ ಹೋಟೆಲಿನ ಆ ನಾಲ್ಕಡಿ ಪೆಟ್ಟಿಗೆ ಈಗ ಕಾರ್ಯಾಲಯದ ಮೂಲೆಯಲ್ಲಿದೆ, ಅದರೊಳಗೆ ಹಳೆಯ ಸಂಚಿಕೆಗಳ ಕಟ್ಟುಗಳನ್ನು ಇಟ್ಟಿದ್ದೇವೆ. ಯಾರಿಗಾದರೂ ಪುಟ್ಟ ಮೀನುಗಳನ್ನು ಸಾಕಲು ಬೇಕಾಗಿದ್ದಲ್ಲಿ ಬಂದು ಒಯ್ಯಬಹುದು. ಗಾಜು ಒಂದು ಮೂಲೆಯಲ್ಲಿ ಸ್ವಲ್ಪ ಗೀಚಿದೆ.